ಬೆಳೆ ಬೆಲೆಯಾಗದ ಹಾಗೆ: ಒಂದು ಕನ್ನಡ ರ‍್ಯಾಪ್ ಆಲ್ಬಮ್ಮಿನ ಕೆಲಸ

ಬೆಳೆ ಬಂತು ಕೈಗೆ, ಬೆಲೆ ಬರಲಿಲ್ಲ
ಕಳೆ ಕಿತ್ತ ಕೈಗೆ ಕೂಲಿ ಸಿಗಲಿಲ್ಲ

ಒಂಬತ್ತು ಹಾಡಿನ ಆಲ್ಬಮ್ಮಿನಲ್ಲಿ ಮೂರನೇ ಹಾಡು ಈ ಎರಡು ಸಾಲಿನಿಂದ ಶುರುವಾಗುತ್ತದೆ. ಕಾಗದದ ಮೇಲೆ ಓದಿದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರೆಕಾರ್ಡಿಂಗ್, ಮಿಕ್ಸಿಂಗ್ ನೋಡಿಕೊಂಡ ನಾವು, ಮೊದಲ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ಮುಗಿದ ಮೇಲೆ, ಸಾಹಿತ್ಯ ನೋಡಿರದ ಮೂವರನ್ನು ಕೂರಿಸಿ, ಫೋನಿನ ಸ್ಪೀಕರಿನಲ್ಲಿ ಹಾಡು ಕೇಳಿಸಿ, ಕೇಳಿದ್ದನ್ನು ಬರೆಯಿರಿ ಎಂದೆವು. ಶಾಲೆಯ ಉಕ್ತಲೇಖನದ ಹಾಗೆ. ಇಬ್ಬರು 'ಬೆಲೆ ಬಂತು ಕೈಗೆ, ಬೆಲೆ ಬರಲಿಲ್ಲ' ಎಂದು ಬರೆದರು. ಮೂರನೆಯವರು ಮೊದಲ ಪದದ ಜಾಗವನ್ನು ಖಾಲಿ ಬಿಟ್ಟಿದ್ದರು.

ರ‍್ಯಾಪರ್ ಅವರ ಳಕಾರದಲ್ಲಿ ದೋಷವಿರಲಿಲ್ಲ. ಬರೀ ದನಿಯ ಟ್ರ್ಯಾಕ್ ಹಾಕಿದರೆ ಬೆಳೆ ಬೆಳೆಯೇ, ಬೆಲೆ ಬೆಲೆಯೇ. ಅಂದರೆ ಬೀಟು (ಹಾಡಿನ ಹಿನ್ನೆಲೆ ವಾದ್ಯಸಂಗೀತ), ರೆಕಾರ್ಡ್ ಮಾಡಿದ ಕೋಣೆ, ಜೋರು-ಮೆದುವಿನ ಅಂತರ ತಗ್ಗಿಸುವ ಕಂಪ್ರೆಸರ್, ಸದ್ದಿನ ಬೇರೆ ಬೇರೆ ಪಟ್ಟಿಗಳನ್ನು ಏರಿಳಿಸುವ ಈಕ್ವಲೈಜರ್ ಇವುಗಳ ನಡುವೆ ಎಲ್ಲೋ ಆ ಅಕ್ಷರ ಕಳೆದುಹೋಗಿತ್ತು. ಹುಡುಕುತ್ತಾ ಹೋದಾಗ ಒಂದೇ ಕಡೆಯಲ್ಲ, ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಸವೆದಿದ್ದು ಗೊತ್ತಾಯಿತು. ಆಮೇಲೆ ಇಡೀ ಆಲ್ಬಮ್ಮನ್ನು ಬಿಚ್ಚಿ ಮತ್ತೆ ಕಟ್ಟಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಚೆನ್ನಾಗಿ ಬರೆಯುವ ರ‍್ಯಾಪರ್‌ಗಳು ಕನ್ನಡದಲ್ಲಿ ಈಗ ಸಾಕಷ್ಟಿದ್ದಾರೆ. ಅವರ ಮಾತು ಕೇಳುಗರನ್ನು ತಲುಪುವ ಮೊದಲೇ ಸೋರಿಹೋಗುವುದನ್ನು ನೋಡಿದರೆ ನಮಗೆ ನಿಜಕ್ಕೂ ಸಂಕಟವಾಗುತ್ತದೆ.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೇನಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ಬಡಾವಣೆಯ ರ‍್ಯಾಪರ್ ನ್ಯಾಸ್ 1994ರ ಏಪ್ರಿಲ್‌ನಲ್ಲಿ 'ಇಲ್ಮ್ಯಾಟಿಕ್' ಆಲ್ಬಮ್ ತಂದಾಗ ಅವರಿಗೆ 20 ವರ್ಷ. ಒಂದು ಪೀಠಿಕೆ, ಒಂಬತ್ತು ಹಾಡು, ಸುಮಾರು 40 ನಿಮಿಷ. ಬೀಟು ಮಾಡಿದವರು ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಐದು ಜನ, ಐದು ಕೈ. ಆದರೂ ಎಲ್ಲರೂ ದನಿಯ ಸುತ್ತ ಜಾಗ ಬಿಟ್ಟಿದ್ದಾರೆ. ಒಂದು ಡ್ರಮ್, ಒಂದೆರಡು ಸ್ಯಾಂಪಲ್ಲು (ಹಳೆಯ ರೆಕಾರ್ಡಿನಿಂದ ಕತ್ತರಿಸಿಕೊಂಡ ತುಣುಕು), ಒಂದು ಬೇಸು, ಅಷ್ಟೇ. ಅದೇ ನ್ಯಾಸ್ 1999ರಲ್ಲಿ ಒಂದೇ ವರ್ಷ ಎರಡು ಆಲ್ಬಮ್ ತಂದರು. ಆ ಹೊತ್ತಿನಿಂದ 'ನ್ಯಾಸ್‌ಗೆ ಬೀಟು ಆರಿಸಲು ಬರುವುದಿಲ್ಲ' ಎಂಬ ದೂರು ವರ್ಷಗಟ್ಟಲೆ ಅವರ ಬೆನ್ನು ಬಿಡಲಿಲ್ಲ. 2020ರಿಂದ 2023ರವರೆಗೆ ಹಿಟ್-ಬಾಯ್ ಎಂಬ ಒಬ್ಬರೇ ನಿರ್ಮಾಪಕರ ಜೊತೆ ಕೂತು ಆರು ಆಲ್ಬಮ್ ಮಾಡಿದರು. ಅದರಲ್ಲಿ ಮೊದಲನೆಯದಾದ 'ಕಿಂಗ್ಸ್ ಡಿಸೀಸ್' 2021ರಲ್ಲಿ ಅವರಿಗೆ ಮೊಟ್ಟಮೊದಲ ಗ್ರ್ಯಾಮಿ ತಂದಿತು. ಬರೆಯುವ ಕೈ ಅದೇ ಇದ್ದರೂ ಕೆಳಗಿನ ನೆಲ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಗೊತ್ತಿಲ್ಲ.

ಆ ಕಾಲದ ಯಂತ್ರಗಳ ಬಗ್ಗೆ ಒಂದು ಮಾತು. ಪೀಟ್ ರಾಕ್ ಅವರಂಥವರು ಬಳಸುತ್ತಿದ್ದ ಎಸ್‌ಪಿ-1200 ಸ್ಯಾಂಪ್ಲರ್ 12 ಬಿಟ್, 26.04 ಕಿಲೋಹರ್ಟ್ಸ್‌ನದ್ದು. ಒಟ್ಟು ಸುಮಾರು 10 ಸೆಕೆಂಡು ಮಾತ್ರ ಅದರಲ್ಲಿ ಹಿಡಿಯುತ್ತಿತ್ತು. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲಿ ಕೆಳಗಿಳಿಸುತ್ತಿದ್ದರು. ಹಾಗಾಗಿ ಸ್ಯಾಂಪಲ್ಲಿನ ಮೇಲಿನ ತುದಿ ಮಂಕಾಗುತ್ತಿತ್ತು, ವ್ಯಂಜನಗಳು ಕೂರುವ ಎತ್ತರದಲ್ಲಿ ದನಿಗೆ ಪೈಪೋಟಿ ಕಡಿಮೆಯಾಗುತ್ತಿತ್ತು. ಇವತ್ತು ಲ್ಯಾಪ್‌ಟಾಪಿನಲ್ಲಿ 40 ಟ್ರ್ಯಾಕ್ ಹಾಕಿದರೂ ಯಾರೂ ಬೇಡ ಅನ್ನುವುದಿಲ್ಲ. ಕಷ್ಟ ಶುರುವಾಗುವುದೇ ಅಲ್ಲಿಂದ.

ಮೊದಲು ಲೆಕ್ಕ. ಮೂರನೇ ಹಾಡಿನ ವೇಗ 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ತಾಳದ ಪೆಟ್ಟು. ಆ ಒಂದೊಂದು ಪೆಟ್ಟಿಗೂ ಬೀಟು ಎಂದೇ ಹೆಸರು, ತಾಳದ ಒಂದು ಆವರ್ತಕ್ಕೆ ಬಾರ್ ಎಂದು. ಒಂದು ಬಾರ್‌ಗೆ ನಾಲ್ಕು ಬೀಟು, ಒಂದೊಂದು ಬೀಟಿನಲ್ಲಿ ನಾಲ್ಕು ಮನೆ, ಒಟ್ಟು 16 ಮನೆ. ಒಂದು ಮನೆಗೆ 167 ಮಿಲಿಸೆಕೆಂಡು. ನಮ್ಮ ಛಂದಸ್ಸು ಓದಿದವರಿಗೆ ಇದು ಹೊಸತಲ್ಲ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಮಂದಾನಿಲ ರಗಳೆಯ ಸಾಲಿಗೆ 16 ಮಾತ್ರೆ. ಹರಿಹರನ ರಗಳೆ ಓದಿ ಬೆಳೆದ ಕಿವಿಗೆ ನಾಲ್ಕು ನಾಲ್ಕರ ಗಣ ಬೂಮ್-ಬ್ಯಾಪ್ ಎಂಬ ಹಳೆಯ ಶೈಲಿಯ ಡ್ರಮ್ ಬೀಟಿನ ಮೇಲೆ ತಾನಾಗಿಯೇ ಕೂರುತ್ತದೆ. ಮೊದಲ ಸಾಲನ್ನು ಬಿಡಿಸಿ ನೋಡಿ: ಬೆಳೆಬಂ, ತುಕೈಗೆ, ಬೆಲೆಬರ, ಲಿಲ್ಲ. ನಾಲ್ಕು, ನಾಲ್ಕು, ನಾಲ್ಕು, ಮೂರು, ಕೊನೆಗೆ ಒಂದು ಮಾತ್ರೆಯ ಮೌನ. ಎರಡನೆಯದು ಕಳೆಕಿತ್, ತಕೈಗೆ, ಕೂಲಿಸಿ, ಗಲಿಲ್ಲ. ಸರಿಯಾಗಿ 16. ಭಾಮಿನಿಯ ಮೂರು-ನಾಲ್ಕರ ನಡಿಗೆಯಲ್ಲಿ ಬರೆದ ಇನ್ನೊಂದು ಹಾಡೂ ಆಲ್ಬಮ್ಮಿನಲ್ಲಿದೆ. ಅಲ್ಲಿ ಸಾಲಿಗೆ 14 ಮಾತ್ರೆ ಆಗಿ ಎರಡು ಮನೆ ಉಳಿಯುತ್ತದೆ, ಉಸಿರು ತೆಗೆದುಕೊಳ್ಳಲು ಅದೇ ಜಾಗ.

ಈಗ ಮುಖ್ಯವಾದದ್ದಕ್ಕೆ ಬರೋಣ. ಇಂಗ್ಲಿಷ್ ರ‍್ಯಾಪಿನಲ್ಲಿ ಪ್ರಾಸ ಸಾಮಾನ್ಯವಾಗಿ ಸಾಲಿನ ಕೊನೆಗೆ, ನಾಲ್ಕನೇ ಬೀಟಿನ ಸ್ನೇರ್ (ಚುರುಕು ಸದ್ದಿನ ಡ್ರಮ್) ಹತ್ತಿರ ಬೀಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಲು ಅಗ್ಗ. 'ಲಿಲ್ಲ' ಜೊತೆ 'ಲಿಲ್ಲ' ಯಾರು ಬೇಕಾದರೂ ಹೊಂದಿಸುತ್ತಾರೆ. ಈ ರ‍್ಯಾಪರ್ ಅವರ ಶಕ್ತಿ ಇರುವುದು ಆದಿಪ್ರಾಸದಲ್ಲಿ: ಬೆಳೆ, ಕಳೆ, ಎರಡನೇ ಅಕ್ಷರ ಳೆ. ಅದು ಬೀಳುವ ಜಾಗ ಬಾರ್‌ನ ಎರಡನೇ ಮನೆ, ಅಂದರೆ ಮೊದಲ ಕಿಕ್ (ದಪ್ಪ ಸದ್ದಿನ ಡ್ರಮ್) ಹೊಡೆದ 167 ಮಿಲಿಸೆಕೆಂಡಿಗೆ. ನಮ್ಮ ಮೊದಲ ಬೀಟಿನಲ್ಲಿ ಕಿಕ್ಕಿನ ಜೊತೆ ಬರುತ್ತಿದ್ದ 808 ಬೇಸಿನ (ಎಲೆಕ್ಟ್ರಾನಿಕ್ ಡ್ರಮ್ ಯಂತ್ರದ, ಉದ್ದ ಎಳೆಯುವ ತಳದ ಸದ್ದಿನ) ಬಾಲ ಸುಮಾರು 400 ಮಿಲಿಸೆಕೆಂಡು. ಅದರ ಮೇಲೆ ಹೈ-ಹ್ಯಾಟ್ (ಜೋಡಿ ತಾಳ) 16 ಮನೆಗೂ ಚಿಕ್ ಚಿಕ್ ಎನ್ನುತ್ತಿತ್ತು. ಸಾಲಿನ ಅತಿ ಬೆಲೆಬಾಳುವ ಅಕ್ಷರದ ಅಡಿಯಲ್ಲಿ ಬೇಸು, ತಲೆಯ ಮೇಲೆ ಹ್ಯಾಟು. ಮೂರನೇ ಬೀಟಿನಲ್ಲಿ 'ಬೆಲೆ' ಬಂದಾಗಲೂ ಕಿಕ್ ಬೀಳುತ್ತದೆ, ಮತ್ತೆ ಅದೇ ಗತಿ.

ಮಾಡಿದ ಬದಲಾವಣೆ ಸಣ್ಣದು. ವರ್ಸಿನ (ಹಾಡಿನ ಚರಣದ) ಉದ್ದಕ್ಕೂ ಮೊದಲ ಮತ್ತು ಮೂರನೇ ಬೀಟಿನ 808ರ ಬಾಲವನ್ನು 120 ಮಿಲಿಸೆಕೆಂಡಿಗೆ ಮೊಟಕು ಮಾಡಿದೆವು, ಉದ್ದದ ಬಾಲವನ್ನು ಬಾರ್‌ನ ಕೊನೆಯ ಅರ್ಧಕ್ಕೆ, ಮಾತು ಮುಗಿಯುವ ಕಡೆಗೆ ಸರಿಸಿದೆವು. ಹ್ಯಾಟನ್ನು 16ರಿಂದ 8ಕ್ಕೆ ಇಳಿಸಿದೆವು. ಆಗ ಎರಡನೇ ಮನೆ ಖಾಲಿಯಾಯಿತು. ಮೊದಲ ಸಾಲಿನ ಮೂರನೇ ಬೀಟಿನಲ್ಲಿ ಕಿಕ್ಕನ್ನೇ ತೆಗೆದೆವು. 'ಬೆಲೆ' ಅನ್ನುವ ಮಾತು ನೆಲವಿಲ್ಲದ ಕಡೆ ಕಾಲಿಟ್ಟ ಹಾಗೆ ಕೇಳಿಸುತ್ತದೆ. ಸಾಲಿನ ಅರ್ಥಕ್ಕೂ ಅದು ಒಪ್ಪುತ್ತದೆ.

ಇದನ್ನು ಮಾಡಲು ಬೀಟಿನ ಬಿಡಿ ಟ್ರ್ಯಾಕುಗಳು, ಅಂದರೆ ಸ್ಟೆಮ್‌ಗಳು ಕೈಯಲ್ಲಿರಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಇಂಟರ್ನೆಟ್ಟಿನಲ್ಲಿ ಕಡಿಮೆ ದುಡ್ಡಿಗೆ ಸಿಗುವ ಬೀಟು ಒಂದೇ ಎಂಪಿ3 ಫೈಲಾಗಿ ಬರುತ್ತದೆ. ಕಿಕ್ಕು, ಬೇಸು, ಮೆಲೊಡಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಜೊತೆಗೆ ಕೊಳ್ಳುವವರ ಕಿವಿ ಸೆಳೆಯಲು ಲಿಮಿಟರಿನಿಂದ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವ ಸಾಧನ) ಗರಿಷ್ಠಕ್ಕೆ ಒತ್ತಿರುತ್ತಾರೆ. ಅದರ ಮೇಲೆ ದನಿ ಇಡುವುದು ಎಂದರೆ ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರನ್ನು ಕೂರಿಸಿದ ಹಾಗೆ. ಅಂಥ ಬೀಟಿನ ಲೀಸ್ ಲೈಸೆನ್ಸ್ (ಬಾಡಿಗೆಯಂಥ ಬಳಕೆಯ ಪರವಾನಗಿ) ಇತರರಿಗೂ ಮಾರಾಟವಾಗುತ್ತದೆ, ಎಷ್ಟು ಸ್ಟ್ರೀಮ್ ತನಕ ಬಳಸಬಹುದು ಎಂಬ ಮಿತಿಯೂ ಸಾಮಾನ್ಯವಾಗಿ ಇರುತ್ತದೆ. ಆದ್ದರಿಂದ ಸಾಹಿತ್ಯ ಬರೆಯಲು ಕೂರುವ ಮೊದಲೇ ಕೇಳಿಕೊಳ್ಳಿ: 24 ಬಿಟ್ ವೇವ್ ಫೈಲುಗಳಲ್ಲಿ ಕಿಕ್, ಸ್ನೇರ್, ಹ್ಯಾಟ್, ಬೇಸ್, ಮೆಲೊಡಿ ಬೇರೆ ಬೇರೆಯಾಗಿ ಕೊಡುತ್ತೀರಾ, ಪ್ರತಿಯೊಂದೂ ಒಂದೇ ಬಿಂದುವಿನಿಂದ ಶುರುವಾಗುತ್ತದೆಯಾ, ವೇಗ ಎಷ್ಟು, ಶ್ರುತಿ ಯಾವುದು. ಒಂಬತ್ತರಲ್ಲಿ ಎರಡು ಹಾಡಿಗೆ ನಮಗೆ ಸ್ಟೆಮ್ ಸಿಗಲಿಲ್ಲ. ಎರಡಕ್ಕೂ ಬೀಟನ್ನು ಹೊಸದಾಗಿ ಮಾಡಿಸಬೇಕಾಯಿತು.

ಹೊಸದಾಗಿ ಮಾಡಿಸಿದಾಗ ಇನ್ನೊಂದು ಪೆಟ್ಟು. ಆ ಎರಡರಲ್ಲಿ ಒಂದು ಹಾಡಿನ ಮೊದಲ ಬೀಟು 90, ಹೊಸತು 96. ಆರೇ ಬಿಪಿಎಂ ತಾನೇ, ಹಳೆಯ ಟೇಕನ್ನೇ (ಆಗಲೇ ಹಾಡಿ ರೆಕಾರ್ಡ್ ಮಾಡಿದ್ದನ್ನೇ) ಎಳೆದು ಕೂರಿಸೋಣ ಎಂದುಕೊಂಡೆವು. 167 ಮಿಲಿಸೆಕೆಂಡಿನ ಮನೆ 156ಕ್ಕೆ ಇಳಿಯಿತು. ಸಾಫ್ಟ್‌ವೇರ್ ಅಷ್ಟನ್ನು ಹಿಂಡಿದಾಗ ಒತ್ತಕ್ಷರಗಳ ಅಂಚು ಸವೆದು, 'ಕಿತ್ತ'ದಂಥ ಪದ 'ಕಿತ'ದ ಕಡೆಗೆ ಜಾರಿತು. 'ತ್ತ'ದಂಥ ಒತ್ತಕ್ಷರ ಅಂದರೆ ಏನು ಎಂದು ಯೋಚಿಸಿ: ನಾಲಿಗೆ ಹಲ್ಲಿಗೆ ತಾಗಿ ಒಂದು ಕ್ಷಣ ಗಾಳಿಯನ್ನು ಹಿಡಿದು ನಿಲ್ಲಿಸಿ ಆಮೇಲೆ ಬಿಡುತ್ತದೆ. ಆ ಹಿಡಿದ ಮೌನವೇ ಒತ್ತು. ಅದು ಕರಗಿದರೆ ಅಕ್ಷರವೇ ಹೋಯಿತು. ನಮ್ಮ ಅನುಭವದಲ್ಲಿ ಶೇಕಡಾ 2ರ ತನಕ ಎಳೆದರೆ ಕಿವಿಗೆ ಗೊತ್ತಾಗುವುದಿಲ್ಲ, 4 ದಾಟಿದರೆ ಮರುರೆಕಾರ್ಡಿಂಗೇ ದಾರಿ. ಡ್ರಿಲ್ ಎಂಬ ರ‍್ಯಾಪ್ ಶೈಲಿಯ 140 ಬಿಪಿಎಂ ಬೀಟಿಗೆ ಹೋದರೆ ಒಂದು ಮನೆಗೆ 107 ಮಿಲಿಸೆಕೆಂಡು ಮಾತ್ರ. ಅಲ್ಲಿ ಒತ್ತಕ್ಷರ ತುಂಬಿದ ಸಾಲನ್ನು ಮನೆಗೊಂದು ಮಾತ್ರೆಯಂತೆ ಹೇಳಲು ಹೋಗಬಾರದು, ಎರಡು ಮನೆಗೆ ಒಂದು ಮಾತ್ರೆ ಎಂದು ಹರಡಿಕೊಂಡು ಬರೆಯಬೇಕು.

ಬೇಸಿನ ಶ್ರುತಿಯನ್ನೂ ನೋಡಬೇಕು. 808 ಎಫ್ ಸ್ವರದಲ್ಲಿದ್ದರೆ ಅದರ ಮೂಲ ಕಂಪನ 43.65 ಹರ್ಟ್ಸ್. ಫೋನಿನ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ. ಕೇಳಿಸಲಿ ಎಂದು ಸ್ಯಾಚುರೇಷನ್ (ಸದ್ದನ್ನು ಸ್ವಲ್ಪ ಒಡೆದು ಗಡಸು ಮಾಡುವುದು) ಹಾಕಿದರೆ 87, 131, 175, 218 ಹೀಗೆ ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಹಾರ್ಮೋನಿಕ್‌ಗಳು ಎದ್ದು ನಿಲ್ಲುತ್ತವೆ. ರ‍್ಯಾಪರ್ ಅವರ ದನಿ ಸಮಾಧಾನದಲ್ಲಿ ಮಾತಾಡುವಾಗ 115ರಿಂದ 135 ಹರ್ಟ್ಸ್ ಸುತ್ತ ಓಡಾಡುತ್ತದೆ. 131 ನೇರವಾಗಿ ಅದರ ಎದೆಯ ಮೇಲೆ ಕೂತಿತ್ತು. ಬೀಟನ್ನು ಎರಡು ಸೆಮಿಟೋನ್ (ಅರ್ಧಸ್ವರ) ಏರಿಸಿ ಜಿ ಸ್ವರಕ್ಕೆ ತಂದಾಗ ಹಾರ್ಮೋನಿಕ್‌ಗಳು 98, 147, 196ಕ್ಕೆ ಹೋದವು, ದನಿಗೆ ನಡುವೆ ಜಾಗವಾಯಿತು. ಕೋಪದ ಸಾಲುಗಳಲ್ಲಿ ದನಿ ಏರುವುದರಿಂದ ಇದೊಂದರಿಂದಲೇ ಎಲ್ಲ ಸರಿಹೋಗಲಿಲ್ಲ, ಆದರೂ ಮಿಕ್ಸಿನಲ್ಲಿ ಅರ್ಧ ಕೆಲಸ ಉಳಿಯಿತು. ರೆಕಾರ್ಡಿಂಗಿಗೆ ಮುಂಚೆ ರ‍್ಯಾಪರ್ ಕೈಲಿ ಎರಡು ನಿಮಿಷ ಓದಿಸಿ ದನಿ ಎಲ್ಲಿ ನಿಲ್ಲುತ್ತದೆ ಎಂದು ಅಳೆದುಕೊಳ್ಳುವುದು ಆಗಿನಿಂದ ನಮ್ಮ ರೂಢಿ.

ಐದನೇ ಹಾಡಿನಲ್ಲಿ ತಮಟೆ ಮತ್ತು ಡೊಳ್ಳು ಎರಡೂ ಇವೆ. ಡೊಳ್ಳು ತೊಂದರೆ ಕೊಡಲಿಲ್ಲ, ಅದು ತಳದಲ್ಲಿ ಗುಡುಗುವ ವಾದ್ಯ; ಕಿಕ್ಕನ್ನು ತೆಗೆದು ಆ ಜಾಗವನ್ನು ಅದಕ್ಕೇ ಕೊಟ್ಟೆವು. ತಮಟೆಯ ವಿಷಯ ಬೇರೆ. ಬೆಂಕಿಯಲ್ಲಿ ಕಾಯಿಸಿ ಬಿಗಿಯಾದ ಚರ್ಮದ ಮೇಲೆ ಸಣ್ಣ ಕಡ್ಡಿ ಬಿದ್ದಾಗ ಬರುವ ಸಿಡಿತ ಸರಿಯಾಗಿ ನಮ್ಮ ವ್ಯಂಜನಗಳು ಬದುಕುವ 1ರಿಂದ 4 ಕಿಲೋಹರ್ಟ್ಸ್ ಪ್ರದೇಶದಲ್ಲೇ ಇರುತ್ತದೆ. ಈಕ್ವಲೈಜರಿನಲ್ಲಿ ತಗ್ಗಿಸಿದರೆ ತಮಟೆ ಡಬ್ಬದ ಹಾಗೆ ಕೇಳುತ್ತದೆ, ಅದು ಆ ವಾದ್ಯಕ್ಕೆ ಮಾಡುವ ಅವಮಾನ. ಕೊನೆಗೆ ಬಾರಿಸುವವರಿಗೆ ಹೆಡ್‌ಫೋನ್ ಕೊಟ್ಟು, ಮಾತು ಕೇಳಿಸಿಕೊಂಡು, ಸಾಲು ಮುಗಿದ ಕಡೆ ಮಾತ್ರ ಉತ್ತರ ಕೊಡುವ ಹಾಗೆ ಬಾರಿಸಿ ಎಂದು ಕೇಳಿಕೊಂಡೆವು. ಎರಡನೇ ಟೇಕಿಗೇ ಕೂತಿತು. ಮೈಕನ್ನು ವಾದ್ಯದಿಂದ ಆರೂವರೆ ಅಡಿ ದೂರ ಇಟ್ಟಿದ್ದೆವು. ಹತ್ತಿರ ಇಟ್ಟರೆ ಬರೀ ಕಡ್ಡಿಯ ಸದ್ದು ಬರುತ್ತದೆ, ಚರ್ಮದ ಮೈ ಬರುವುದಿಲ್ಲ.

ಕೋಣೆಯ ವಿಷಯದಲ್ಲಿ ಬೆಂಗಳೂರಿನ ಮನೆಗಳು ಧ್ವನಿಮುದ್ರಣಕ್ಕೆ ಕರುಣೆ ತೋರಿಸುವುದಿಲ್ಲ. ಸಿಮೆಂಟ್ ಗೋಡೆ, ವಿಟ್ರಿಫೈಡ್ ಟೈಲ್ಸ್ ನೆಲ, ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿದರೆ ಟ್ರಿಂಗ್ ಎನ್ನುತ್ತದೆ. ಮೊದಲ ಸುತ್ತಿನಲ್ಲಿ ಮೈಕಿನ ಹಿಂದೆ ಒಂದಿಂಚಿನ ಫೋಮ್ ಅಂಟಿಸಿ ರೆಕಾರ್ಡ್ ಮಾಡಿದ್ದೆವು. ಅದರಲ್ಲಿ ಎರಡು ತಪ್ಪಿದೆ. ಕಾರ್ಡಿಯಾಯ್ಡ್ ಮೈಕು ಎದುರಿನದ್ದನ್ನು ಕೇಳುತ್ತದೆ, ಅಂದರೆ ಹಾಡುವವರ ಬೆನ್ನ ಹಿಂದಿನ ಗೋಡೆಯನ್ನು. ಫೋಮ್ ಇರಬೇಕಾದದ್ದು ಅಲ್ಲಿ. ಎರಡನೆಯದು, ಒಂದಿಂಚಿನ ಫೋಮ್ ತೀರ ಮೇಲಿನ ಸದ್ದನ್ನಷ್ಟೇ ಹೀರುತ್ತದೆ. ದನಿಯ ನಡುಭಾಗ ಗೋಡೆಗೆ ಬಡಿದು ಐದಾರು ಮಿಲಿಸೆಕೆಂಡಿನಲ್ಲಿ ವಾಪಸ್ಸು ಬಂದು ಮೂಲದ ಜೊತೆ ಬೆರೆತು, ಒರಟಾಗಿ, ತಗಡು ಬಡಿದಂತೆ ಕೇಳುತ್ತದೆ. ಆ ಒರಟುತನವೇ ಮುಂದೆ ನಮ್ಮನ್ನು ತಪ್ಪು ದಾರಿಗೆ ಎಳೆಯಿತು, ಅದನ್ನು ಆಮೇಲೆ ಹೇಳುತ್ತೇವೆ.

ಎರಡನೇ ಸುತ್ತಿಗೆ 4 ಅಡಿಗೆ 2 ಅಡಿಯ ಆರು ಚೌಕಟ್ಟು ಮಾಡಿಸಿ, 50 ಮಿಲಿಮೀಟರ್ ದಪ್ಪ, ಘನಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲ್ ತುಂಬಿ, ಬಟ್ಟೆ ಬಿಗಿದು, ಗೋಡೆಯಿಂದ ಎರಡಿಂಚು ಬಿಟ್ಟು ನಿಲ್ಲಿಸಿದೆವು. ನಾಲ್ಕು ಬೆನ್ನ ಹಿಂದೆ, ಎರಡು ಪಕ್ಕಕ್ಕೆ. ನೆಲಕ್ಕೆ ಜಮಖಾನ, ಅದರ ಕೆಳಗೆ ಹಳೆಯ ಹಾಸಿಗೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮುಖಗವಸು ಮರೆಯಬೇಡಿ, ನವೆ ಎರಡು ದಿನ ಬಿಡುವುದಿಲ್ಲ. ಕಾಸಿಲ್ಲದಿದ್ದರೆ ಎರಡು ದಪ್ಪ ರಜಾಯಿಯನ್ನು ಬೆನ್ನ ಹಿಂದೆ ಹಗ್ಗಕ್ಕೆ ನೇತುಹಾಕಿದರೂ ಮೈಕಿನ ಹಿಂದಿನ ಫೋಮಿಗಿಂತ ಎಷ್ಟೋ ಮೇಲು. ಫ್ಯಾನು, ಫ್ರಿಜ್ಜು ಆಫ್. ಯುಪಿಎಸ್ ಮೇಲೆ ಓಡುವಾಗ 50 ಮತ್ತು 100 ಹರ್ಟ್ಸ್‌ನ ಗುಂಯ್ ಬರುತ್ತಿದ್ದರೆ ಅರ್ಥಿಂಗ್ ನೋಡಿಸಿ. ರಸ್ತೆ ಸುಮ್ಮನಾಗುವುದು ರಾತ್ರಿ 11ರ ಮೇಲೆ, ಅದೇ ರೆಕಾರ್ಡಿಂಗಿನ ಹೊತ್ತು.

ಮೈಕಿನಿಂದ ಬಾಯಿಗೆ 15 ಸೆಂಟಿಮೀಟರ್, ನಡುವೆ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್. ಮೈಕನ್ನು ಸ್ವಲ್ಪ, ಒಂದು 15 ಡಿಗ್ರಿ, ಓರೆ ಮಾಡಿದರೆ ಪ, ಬ, ಭ ಅಕ್ಷರಗಳ ಗಾಳಿ ಪಕ್ಕಕ್ಕೆ ಹೋಗುತ್ತದೆ. ನಮ್ಮ ಸಾಲಿನಲ್ಲಿ ಬಕಾರವೇ ನಾಲ್ಕಿವೆ. 24 ಬಿಟ್, 48 ಕಿಲೋಹರ್ಟ್ಸ್. ಅತಿ ಜೋರಿನ ಪದವೂ ಮೈನಸ್ 8 ಡೆಸಿಬಲ್ ದಾಟದಂತೆ ಗೇನ್ (ಮೈಕಿನ ಸದ್ದಿನ ಮಟ್ಟ). ಹೆಡ್‌ಫೋನ್ ತಂತಿಯದ್ದೇ ಇರಲಿ, ಬ್ಲೂಟೂತ್ ಬೇಡವೇ ಬೇಡ. ಬಫರ್, ಅಂದರೆ ಕಂಪ್ಯೂಟರು ಸದ್ದನ್ನು ಒಟ್ಟುಮಾಡಿ ಕಳಿಸುವ ಕಂತು, 128 ಸ್ಯಾಂಪಲ್ಲಿಗೆ (ಇಲ್ಲಿ ಸ್ಯಾಂಪಲ್ ಎಂದರೆ ಸೆಕೆಂಡಿಗೆ 48,000 ಬರುವ ಅಳತೆ) ಇಡಿ, ಅಲ್ಲಿಗೆ 2.7 ಮಿಲಿಸೆಕೆಂಡು. 512ಕ್ಕೆ ಇಟ್ಟು ಸಾಫ್ಟ್‌ವೇರ್ ಮೂಲಕ ಕೇಳಿಸಿದರೆ ಹೋಗಿ ಬರುವಷ್ಟರಲ್ಲಿ 20 ಮೀರುತ್ತದೆ, ಹಾಡುವವರು ಗೊತ್ತಿಲ್ಲದೆ ಬೀಟಿನ ಹಿಂದೆ ಬೀಳುತ್ತಾರೆ. 'ಇವತ್ತು ಫ್ಲೋ ಕೂರ್ತಿಲ್ಲ' ಎಂದು ರ‍್ಯಾಪರ್ ಹೇಳಿದರೆ ಮೊದಲು ಬಫರ್ ನೋಡಿ, ಆಮೇಲೆ ಅವರನ್ನು ನೋಡಿ.

ಟೇಕಿನ ಬಗ್ಗೆ ನಮ್ಮದೊಂದು ಹಟವಿದೆ. 90 ಬಿಪಿಎಂನಲ್ಲಿ 16 ಬಾರ್ ಅಂದರೆ 42.7 ಸೆಕೆಂಡು. ಅದನ್ನು ನಾಲ್ಕು ನಾಲ್ಕು ಸಾಲಾಗಿ ತುಂಡು ಮಾಡಿ ಹಾಡಿಸಿದರೆ ಪ್ರತಿ ತುಂಡೂ ತಾಜಾ ಉಸಿರಿನಿಂದ ಶುರುವಾಗುತ್ತದೆ. ಜೋಡಿಸಿದಾಗ ಮನುಷ್ಯ ಮಾತಾಡಿದಂತೆ ಇರುವುದಿಲ್ಲ. ಪೂರ್ತಿ ವರ್ಸನ್ನು ಒಂದೇ ಸಲಕ್ಕೆ ಐದು ಟೇಕ್ ತೆಗೆದು, ಅತ್ಯುತ್ತಮವಾದದ್ದನ್ನು ತಳವಾಗಿಟ್ಟುಕೊಂಡು, ಕೆಟ್ಟ ಪದಗಳನ್ನಷ್ಟೇ ಉಳಿದವುಗಳಿಂದ ಬದಲಿಸುತ್ತೇವೆ. ಎರಡು ಗಂಟೆ ಆದ ಮೇಲೆ ಕಂಠ ದಣಿದು ಮಹಾಪ್ರಾಣಗಳು ಮೊದಲು ಸಾಯುತ್ತವೆ, ಅಲ್ಲಿಗೆ ನಿಲ್ಲಿಸುವುದು. ಬಾಯಿ ಒಣಗಿ ಲೊಚ್ ಲೊಚ್ ಸದ್ದು ಬರುತ್ತಿದ್ದರೆ ಒಂದು ಹೋಳು ಸೇಬು, ಉಗುರುಬೆಚ್ಚಗಿನ ನೀರು. ಮೊಸರನ್ನ ತಿಂದು ಬಂದ ದಿನ ರೆಕಾರ್ಡಿಂಗ್ ಬೇಡ.

ಇನ್ನು ಮಿಕ್ಸು. ಕೋಣೆಯ ಒರಟುತನದ ಬಗ್ಗೆ ಹೇಳಿದೆವಲ್ಲ. ಮೊದಲ ಸುತ್ತಿನ ದನಿ ಕಿವಿಗೆ ಚುಚ್ಚುತ್ತಿತ್ತು; ಚುಚ್ಚುವುದು 2.5 ಕಿಲೋಹರ್ಟ್ಸ್ ಸುತ್ತ ಎಂದು ಕಂಡು ಅಲ್ಲಿ ಅಗಲವಾಗಿ 4 ಡೆಸಿಬಲ್ ತೆಗೆದಿದ್ದೆವು. ಕೇಳಲು ಹಿತವಾಯಿತು. ಅಕ್ಷರ ಸತ್ತದ್ದೂ ಅಲ್ಲೇ. ನಾಲಿಗೆಯನ್ನು ಹಿಂದಕ್ಕೆ ಮಡಿಚಿ ಳ ಹೇಳಿದಾಗ ದನಿಯ ಮೂರನೇ ಅನುರಣನ (ಬಾಯಿಯ ಆಕಾರ ಎತ್ತಿ ಕೊಡುವ ಪಟ್ಟಿಗಳಲ್ಲಿ ಮೂರನೆಯದು) ಕೆಳಗಿಳಿಯುತ್ತದೆ, ಲ ಹೇಳಿದಾಗ ಮೇಲೇ ಇರುತ್ತದೆ. ಗಂಡು ದನಿಯಲ್ಲಿ ಈ ವ್ಯತ್ಯಾಸವೆಲ್ಲ ಹೆಚ್ಚುಕಡಿಮೆ 1,800ರಿಂದ 2,800 ಹರ್ಟ್ಸ್ ಒಳಗೇ ನಡೆಯುತ್ತದೆ. ಆ ಪಟ್ಟಿಯನ್ನು ಬೋಳಿಸಿದರೆ ಬೆಳೆ ಬೆಲೆಯಾಗುತ್ತದೆ, ಹಳ್ಳಿ ಹಲ್ಲಿಯಾಗುತ್ತದೆ, ಕಣ್ಣು ಕನ್ನು ಆಗುತ್ತದೆ. ಇಂಗ್ಲಿಷ್ ದನಿಗೆಂದು ಮೊದಲೇ ಹೊಂದಿಸಿಟ್ಟ ಪ್ರೀಸೆಟ್‌ಗಳಲ್ಲಿ ಈ ಕಡೆ ತಗ್ಗಿಸಿರಬಹುದು, ಯಾಕೆಂದರೆ ಅಲ್ಲಿ ಳ-ಲ ಎಂಬ ಭೇದವೇ ಅರ್ಥ ಬದಲಿಸುವುದಿಲ್ಲ. ಕನ್ನಡ ದನಿಗೆ ಆ ಪ್ರೀಸೆಟ್ ಹಾಕಬೇಡಿ. ಕೋಣೆ ಸರಿಮಾಡಿ ಮತ್ತೆ ರೆಕಾರ್ಡ್ ಮಾಡಿದ ದನಿಗೆ ಅಲ್ಲಿ ಏನನ್ನೂ ತೆಗೆಯಬೇಕಾಗಲಿಲ್ಲ. ಬದಲಿಗೆ ಮೆಲೊಡಿಯ ಸ್ಟೆಮ್ಮಿನಲ್ಲಿ, ದನಿ ಬಂದಾಗ ಮಾತ್ರ 2ರಿಂದ 3 ಕಿಲೋಹರ್ಟ್ಸ್ ನಡುವೆ 2.5 ಡೆಸಿಬಲ್ ತಗ್ಗುವಂತೆ ಡೈನಾಮಿಕ್ ಈಕ್ವಲೈಜರ್ ಇಟ್ಟೆವು. ದನಿ ನಿಂತ ಕೂಡಲೇ ಮೆಲೊಡಿ ಮತ್ತೆ ತುಂಬಿಕೊಳ್ಳುತ್ತದೆ.

ಕಂಪ್ರೆಸರಿನ ಕಥೆಯೂ ಇದೇ ಜಾತಿಯದ್ದು. ಮೊದಲ ಮಿಕ್ಸಿನಲ್ಲಿ ಅಟ್ಯಾಕ್ (ಒತ್ತಲು ತೆಗೆದುಕೊಳ್ಳುವ ಸಮಯ) ಅರ್ಧ ಮಿಲಿಸೆಕೆಂಡು, 8ಕ್ಕೆ 1ರ ಅನುಪಾತ (ಮಿತಿ ಮೀರಿದ 8 ಡೆಸಿಬಲ್ 1 ಆಗುವಷ್ಟು), 10 ಡೆಸಿಬಲ್ ತನಕ ಹಿಂಡಿದ್ದೆವು. ಅಷ್ಟು ವೇಗದ ಅಟ್ಯಾಕ್ ಪದದ ಮುಂದಿನ ಅಂಚನ್ನೇ ಕತ್ತರಿಸುತ್ತದೆ. ವ್ಯಂಜನ ತಗ್ಗಿ ಸ್ವರ ಉಬ್ಬುತ್ತದೆ. ರಿಲೀಸ್ (ಒತ್ತಿದ್ದನ್ನು ಬಿಡುವ ಸಮಯ) ಕೂಡ ವೇಗವಾಗಿದ್ದರೆ 'ಕಿತ್ತ'ದ ಒಳಗಿನ ಮೌನದಲ್ಲಿ ಕೋಣೆಯ ಸದ್ದು ಎದ್ದು ಬರುತ್ತದೆ. ಈಗ ಮಾಡುವುದು ಹೀಗೆ: ಕಂಪ್ರೆಸರಿಗೆ ಮುಂಚೆ ಕೈಯಿಂದಲೇ ಒಂದೊಂದು ಪದದ ಮಟ್ಟ ಏರಿಳಿಸುವುದು. ಹಾಡಿಗೆ ಎರಡು ಗಂಟೆ ಹಿಡಿಯುತ್ತದೆ, ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ. ಆಮೇಲೆ 12 ಮಿಲಿಸೆಕೆಂಡು ಅಟ್ಯಾಕ್, 3ಕ್ಕೆ 1, ಮೂರು ನಾಲ್ಕು ಡೆಸಿಬಲ್. ಅದರ ಹಿಂದೆ ನಿಧಾನದ ಇನ್ನೊಂದು ಕಂಪ್ರೆಸರ್ ಎರಡು ಡೆಸಿಬಲ್. 80 ಹರ್ಟ್ಸ್ ಕೆಳಗೆ ಕಟ್. 6ರಿಂದ 8 ಕಿಲೋಹರ್ಟ್ಸ್ ನಡುವೆ ಸ, ಶಗಳ ಉಸ್ ಸದ್ದು ತಗ್ಗಿಸುವ ಡಿ-ಎಸರ್, 3 ಡೆಸಿಬಲ್ ಮೀರದಂತೆ.

ರಿವರ್ಬ್ (ಸೇರಿಸುವ ಮಾರ್ದನಿ) ಅರ್ಧ ಸೆಕೆಂಡಿನ ಸಣ್ಣ ಕೋಣೆಯದ್ದು, 25 ಮಿಲಿಸೆಕೆಂಡು ತಡವಾಗಿ ಶುರುವಾಗುವಂತೆ. ಒತ್ತಕ್ಷರದ ಮೌನಕ್ಕೆ ಇದಕ್ಕಿಂತ ಉದ್ದದ ರಿವರ್ಬ್ ತುಂಬಿಕೊಂಡರೆ ಮತ್ತೆ ಮೊದಲಿನ ಗೋಳು. ಡಬಲ್ (ಅದೇ ಮಾತನ್ನು ಮತ್ತೆ ಹೇಳಿಸಿ ಜೊತೆಗೆ ಕೂರಿಸುವುದು) ಇಡೀ ಸಾಲಿಗೆ ಬೇಡ, ಸಾಲಿನ ಕೊನೆಯ ಪದಕ್ಕೆ ಸಾಕು, ಮುಖ್ಯ ದನಿಗಿಂತ 9 ಡೆಸಿಬಲ್ ಕೆಳಗೆ. ಡಬಲ್ಲಿನಲ್ಲಿ ಸಕಾರಗಳನ್ನು ಕತ್ತರಿಯಿಂದಲೇ ತೆಗೆಯಿರಿ, ಇಲ್ಲದಿದ್ದರೆ 'ಸಿಗಲಿಲ್ಲ' ಎರಡು ಸಲ ಉಸ್ ಎನ್ನುತ್ತದೆ. ಬೆಳೆ, ಕಳೆಗಳಿಗೆ ಡಬಲ್ ಹಾಕಲೇ ಇಲ್ಲ. ಪ್ರಾಸ ಒಬ್ಬರ ಬಾಯಿಂದ ಬಂದರೇ ಚೆನ್ನ.

ಇಷ್ಟಾದ ಮೇಲೆ ಮತ್ತೆ ಉಕ್ತಲೇಖನ, ಈ ಸಲ ಬೇರೆ ಮೂವರು. ಮೂವರೂ ಬೆಳೆ ಬರೆದರು. ಎರಡನೇ ಸಾಲಿನ 'ಕೂಲಿ'ಯನ್ನು ಒಬ್ಬರು 'ಕೂಳು' ಎಂದು ಬರೆದಿದ್ದರು. ಅಲ್ಲಿ ಗಿಟಾರಿನ ಒಂದು ಎಳೆ ಅಡ್ಡ ಬರುತ್ತಿತ್ತು, ಆ ಅರ್ಧ ಬಾರ್‌ನಲ್ಲಿ ಅದನ್ನು ನಿಲ್ಲಿಸಿದೆವು. ಒಂಬತ್ತೂ ಹಾಡಿಗೆ ಇದೇ ಪರೀಕ್ಷೆ ನಡೆಸಿದೆವು. ಸ್ಟುಡಿಯೋದವರನ್ನು ಮಾತ್ರ ಕೂರಿಸಬೇಡಿ, ಸಾಹಿತ್ಯ ಬಾಯಿಪಾಠ ಇರುವ ಕಿವಿ ಇಲ್ಲದ ಅಕ್ಷರವನ್ನೂ ತುಂಬಿಕೊಂಡು ಕೇಳುತ್ತದೆ.

ಮಾಸ್ಟರಿಂಗಿನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಹೆಚ್ಚು ಹೇಳಲಿಕ್ಕಿಲ್ಲ. ಎಲ್‌ಯುಎಫ್‌ಎಸ್ ಅನ್ನುವುದು ಕಿವಿಗೆ ಕೇಳುವ ಜೋರಿನ ಅಳತೆ. ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ, ಯೂಟ್ಯೂಬ್ ಕೂಡ ಅದರ ಆಸುಪಾಸು, ಆಪಲ್ ಮ್ಯೂಸಿಕ್ ಮೈನಸ್ 16. ಮೈನಸ್ 7ಕ್ಕೆ ಒತ್ತಿದ ಮಾಸ್ಟರ್ ಕಳಿಸಿದರೆ ಸ್ಪಾಟಿಫೈ ಅದನ್ನು 7 ಡೆಸಿಬಲ್ ಇಳಿಸಿಬಿಡುತ್ತದೆ. ಜೋರೂ ಉಳಿಯುವುದಿಲ್ಲ, ಹೋದ ಡ್ರಮ್ಮಿನ ಪೆಟ್ಟೂ ವಾಪಸ್ಸು ಬರುವುದಿಲ್ಲ. ಸಣ್ಣ ಸಣ್ಣ ವ್ಯಂಜನದ ಸಿಡಿತಗಳೂ ಲಿಮಿಟರಿಗೆ ಬಲಿಯಾಗುತ್ತವೆ. ನಾವು ಮೈನಸ್ 10ರ ಸುತ್ತ ನಿಲ್ಲಿಸಿದೆವು, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೈನಸ್ 2 ಡೆಸಿಬಲ್. ಹುಕ್ಕು (ಪಲ್ಲವಿ) ದೊಡ್ಡದಿರುವ ಏಳನೇ ಹಾಡು ಮಾತ್ರ ಮೈನಸ್ 9.

ಪ್ರತಿ ಹಾಡನ್ನೂ ಮಾಸ್ಟರಿಗೆ ಕಳಿಸುವಾಗ ಮೂರು ಪ್ರತಿ ತೆಗೆದಿಟ್ಟಿದ್ದೆವು: ದನಿ ಇದ್ದ ಹಾಗೆ, ಅರ್ಧ ಡೆಸಿಬಲ್ ಮೇಲೆ, ಒಂದು ಡೆಸಿಬಲ್ ಮೇಲೆ. ಒಂದು ವಾರ ಯಾರೂ ಹಾಡು ಮುಟ್ಟಲಿಲ್ಲ. ಆಮೇಲೆ ಫೋನಿನಲ್ಲಿ, ಆಟೋದಲ್ಲಿ, ಅಡುಗೆಮನೆಯ ಬ್ಲೂಟೂತ್ ಸ್ಪೀಕರಿನಲ್ಲಿ ಮೂರನ್ನೂ ಹಾಕಿ ಕೇಳಿದೆವು. ಆರು ಹಾಡಿಗೆ ಅರ್ಧ ಡೆಸಿಬಲ್ ಮೇಲಿನ ಪ್ರತಿ ಹೋಯಿತು, ತಮಟೆಯದ್ದೂ ಸೇರಿ ಎರಡಕ್ಕೆ ಇದ್ದ ಹಾಗೆಯೇ. ಒಂದು ಡೆಸಿಬಲ್ ಮೇಲಿನದ್ದು ಹೋದದ್ದು ಮೂರನೇ ಹಾಡಿಗೆ ಮಾತ್ರ.